ಮ್ಯಾನೇಜರನ ಮೊಮ್ಮಗಳ ಸ್ಕಾಲರ್‌ಶಿಪ್ ಅರ್ಜಿ

ಬಿನ್ ಮಹಮೂದ್, ದೋಹಾ
8 ಆಗಸ್ಟ್ 2008, ಶುಕ್ರವಾರ ಬೆಳಿಗ್ಗೆ

ಅಜ್ಜನ ಕಣ್ಣಿನಷ್ಟೇ ಪ್ರೀತಿಯ ಅಫ್ಸಾನಾಳಿಗೆ ಸಲಾಂ,

ಹೇಗಿದ್ದೀ ಮಗಳೇ? ನಿನ್ನ ಕೆಮ್ಮು ಕಡಿಮೆಯಾಯಿತಾ? ಅಜ್ಜಿ ಆಸಿಯಾಳ ಮೊಣಕಾಲು ಈಗಲೂ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದಾ? ನಾನು ಚೆನ್ನಾಗಿದ್ದೇನೆ. ಇಲ್ಲಿಯ ಬಿಸಿಲಿಗೆ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ರಾಜೀನಾಮೆ ಕೊಟ್ಟಿವೆ, ಹಾಗಾಗಿ ಬಾಚಣಿಗೆಯನ್ನು ಬೆನ್ನು ತುರಿಸಲಿಕ್ಕೆ ಇಟ್ಟುಕೊಂಡಿದ್ದೇನೆ. ಫೋನ್ ಮಾಡದೆ ಯಾಕೆ ಬರೆಯುತ್ತಿದ್ದೇನೆ ಅಂತ ಕೇಳಬೇಡ. ಫೋನ್ ಎತ್ತುವುದು ನಿನ್ನ ಉಪ್ಪ, ನನ್ನ ಮಗ ಶರೀಫ. ಅವನ ಹತ್ತಿರ ಮಾತಾಡಿದರೆ ಕಾರ್ಡಿನ ದುಡ್ಡು ಮೊದಲು ಮುಗಿಯುತ್ತದೆ, ಜಗಳ ಮುಗಿಯುವುದಿಲ್ಲ. ಕ್ಲಿನಿಕ್ಕಿನ ಜೂಲಿಯೆಟ್ ಸಿಸ್ಟರ್ ನಾಳೆ ರಜೆಯಲ್ಲಿ ಮಂಗಳೂರಿಗೆ ಹೊರಟಿದ್ದಾಳೆ. ಈ ಲಕೋಟೆಯನ್ನು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾಳೆ.

ನಿನ್ನ ಪತ್ರ ಮತ್ತು ಅರ್ಜಿಯ ಝೆರಾಕ್ಸ್ ಹೋದ ವಾರ ಸಿಕ್ಕಿತು. ಬಿ ಫಾರ್ಮಾ ಸೀಟು ಸಿಕ್ಕಿದ ಸಂತೋಷ ಒಂದು ಸಾಲಿನಲ್ಲಿ ಇತ್ತು, ಸೀಟು ಬಿಡುತ್ತೇನೆಂಬ ಬೇಜಾರು ಮೂರು ಪುಟಗಳಲ್ಲಿ. ಸ್ಕಾಲರ್‌ಶಿಪ್ ಇಲ್ಲದೆ ಫೀಸು ಕಟ್ಟಲಿಕ್ಕೆ ಆಗುವುದಿಲ್ಲ, ಅರ್ಜಿ ಹಾಕಲಿಕ್ಕೆ ಉಪ್ಪ ಬಿಡುವುದಿಲ್ಲ, ಹದಿಮೂರಕ್ಕೆ ಕೊನೆಯ ದಿನ. ಅದರ ಮೇಲೆ ಆ ಫಾರ್ಮಿನ ಇಂಗ್ಲಿಷು ಒಂದೂ ಅರ್ಥವಾಗಲಿಲ್ಲ ಅಂತ ಬರೆದಿದ್ದೀ. ನನಗೆ ಮಾತ್ರ ಅರ್ಥವಾಗುತ್ತದಾ? ಅದನ್ನು ಮಡಚಿ ಕಿಸೆಗೆ ಹಾಕಿ ಬಂಟ್ವಾಳದ ಜಲೀಲನ ಟೈಪಿಂಗ್ ಸೆಂಟರಿಗೆ ಹೋದೆ. ವೀಸಾ, ಮದುವೆ, ತಲಾಖು, ಈ ಊರಿನ ಯಾವ ಫಾರ್ಮು ಬೇಕಾದರೂ ಕಣ್ಣು ಮುಚ್ಚಿ ತುಂಬಿಸುವವನು ಅವನು. ಎರಡು ಸಂಜೆ ಕೂತು ಒಂದೊಂದೇ ಶಬ್ದ ಬಿಡಿಸಿ ಹೇಳಿದ.

ಕೇಳು. ಮೆರಿಟ್ ಕಮ್ ಮೀನ್ಸ್ ಅಂದರೆ ನಿನ್ನ ಉಪ್ಪ ಟೆಂಪೋದಲ್ಲಿ ಸಾಗಿಸುವ ಮೀನಲ್ಲ. ಮೆರಿಟ್ಟೂ ಇರಬೇಕು, ಮನೆಯಲ್ಲಿ ದುಡ್ಡು ಕಮ್ಮಿಯೂ ಇರಬೇಕು, ಎರಡೂ ಒಟ್ಟಿಗೆ. ನಮ್ಮ ಮನೆಯಲ್ಲಿ ಮೊದಲನೆಯದು ನಿನ್ನ ತಲೆಯಲ್ಲಿ ಉಂಟು, ಎರಡನೆಯದು ಎಲ್ಲಾ ಮೂಲೆಯಲ್ಲೂ ಉಂಟು. ಫ್ರೆಶ್ ಅಂದರೆ ಮೊದಲ ಸಲ ಕೇಳುವವರು. ನೀನು ಅಲ್ಲಿ ಗೆರೆ ಹಾಕು. ರಿನ್ಯೂವಲ್ ಅಂದರೆ ನನ್ನ ವೀಸಾದ ಹಾಗೆ, ಆಮೇಲೆ ವರ್ಷ ವರ್ಷ ಮತ್ತೆ ಕೇಳಬೇಕು, ಫೇಲಾದರೆ ಖಲಾಸ್. ಡೇ ಸ್ಕಾಲರ್ ಅಂದರೆ ಹಗಲು ಮಾತ್ರ ವಿದ್ವಾಂಸೆ, ರಾತ್ರಿ ದಡ್ಡಿ ಅಂತ ನಾನು ಹೇಳಿದೆ. ಜಲೀಲ ನಗಲಿಲ್ಲ. ಹಾಸ್ಟೆಲಿನಲ್ಲಿ ಇರದೆ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವವಳು ಅಂತ ಅರ್ಥವಂತೆ. ಮೇಂಟೆನೆನ್ಸ್ ಅಲೋವನ್ಸ್ ಎ.ಸಿ. ರಿಪೇರಿಯದ್ದಲ್ಲ, ನಿನ್ನ ಬಸ್ಸು ಪುಸ್ತಕಗಳ ಖರ್ಚಿಗೆ ಕೊಡುವುದು. ರೀಇಂಬರ್ಸ್‌ಮೆಂಟ್ ಅಂದರೆ ಮೊದಲು ನೀನು ಫೀಸು ಕಟ್ಟಬೇಕು, ಅವರು ಆಮೇಲೆ ವಾಪಸು ಕೊಡುತ್ತಾರೆ. ಹಾಗಾಗಿ ರಶೀದಿಯನ್ನು ಅಜ್ಜಿಯ ಎಲೆ ಅಡಿಕೆ ಪೆಟ್ಟಿಗೆಯಿಂದ ದೂರ ಇಡು. ಮೊದಲ ಕಂತಿಗೆ ನಾನು ಕಳಿಸುತ್ತೇನೆ. ಅಷ್ಟು ನನ್ನಿಂದ ಆಗುತ್ತದೆ, ನಾಲ್ಕು ವರ್ಷದ್ದು ಆಗುವುದಿಲ್ಲ.

ಕೊನೆಗೆ ಉಳಿದದ್ದು ಫ್ಯಾಮಿಲಿ ಇನ್ಕಮ್. ಒಂದೇ ಮನೆಯ ಎಲ್ಲರ ಸಂಪಾದನೆಯೂ ಅದರಲ್ಲಿ ಬರುತ್ತದೆ, ನನ್ನದೂ. ಅಲ್ಲೇ ನೋಡು ನಿನ್ನ ಉಪ್ಪ ಎಡವಿದ್ದು. ಆದಾಯದ ಸರ್ಟಿಫಿಕೇಟಿನ ಅರ್ಜಿಯಲ್ಲಿ ನನ್ನ ಉದ್ಯೋಗ ‘ಕತಾರಿನಲ್ಲಿ ಮ್ಯಾನೇಜರ್’ ಅಂತ ಬರೆದು ಕೊಟ್ಟಿದ್ದಾನೆ. ಗ್ರಾಮಲೆಕ್ಕಿಗರು ಕಾಗದ ವಾಪಸು ಕೊಟ್ಟು “ಮ್ಯಾನೇಜರನ ಮೊಮ್ಮಗಳಿಗೆ ಎಂತ ಸ್ಕಾಲರ್‌ಶಿಪ್ ಮಾರಾಯರೇ” ಅಂದರಂತೆ. ಅವರ ತಪ್ಪಲ್ಲ. ಶರೀಫನ ತಪ್ಪೂ ಅಲ್ಲ, ಅವನು ಅದನ್ನು ನಂಬಿಕೊಂಡೇ ಬೆಳೆದವನು. ತಪ್ಪು ನನ್ನದು.

ಇಪ್ಪತ್ತು ವರ್ಷದ ಹಿಂದೆ ರಜೆಯಲ್ಲಿ ಬಂದಾಗ, ಒಂದು ಮದುವೆಯ ಊಟದಲ್ಲಿ ಯಾರೋ ಕೇಳಿದರು, ದೋಹಾದಲ್ಲಿ ಎಂತ ಕೆಲಸ ಅಂತ. “ಇಡೀ ಆಫೀಸು ನನ್ನ ಕೈಯಿಂದಲೇ ನಡೆಯುವುದು” ಅಂದೆ. ಸುಳ್ಳಲ್ಲ. ನಾನು ಚಾ ಕೊಡದಿದ್ದರೆ ಅಲ್ಲಿ ಯಾರೂ ಪೆನ್ನು ಮುಟ್ಟುವುದಿಲ್ಲ. ತುಪ್ಪದ ಅನ್ನ ಮುಗಿಯುವುದರೊಳಗೆ ಊರವರು ನನ್ನನ್ನು ಮ್ಯಾನೇಜರ್ ಮಾಡಿಬಿಟ್ಟರು. ನನಗೆ ಮಜಾ ಅನ್ನಿಸಿತು, ಬಿಟ್ಟುಬಿಟ್ಟೆ. ಆಮೇಲೆ ಮುದೀರ್, ಅಂದರೆ ನಿಜವಾದ ಮ್ಯಾನೇಜರ್, ಲಂಡನ್ನಿಗೆ ಹೋಗಿದ್ದಾಗ ಅವನ ತಿರುಗುವ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿ ಕಳಿಸಿದೆ. ಅದೇ ನಿಮ್ಮ ಚಾವಡಿಯಲ್ಲಿ ಫ್ರೇಮಿನಲ್ಲಿ ಉಂಟು. ಅಜ್ಜಿಗೆ ಮಾತ್ರ ಮೊದಲಿಂದಲೂ ಸಂಶಯ. “ಮ್ಯಾನೇಜರನ ಬೆರಳು ಯಾಕೆ ಪ್ರತೀ ಸಲ ಸುಟ್ಟಿರುತ್ತದೆ?” ಅಂತ ಕೇಳಿದ್ದಳು. ಫೈಲುಗಳು ಬಿಸಿ ಇರುತ್ತವೆ ಅಂದಿದ್ದೆ.

ಈ ಲಕೋಟೆಯಲ್ಲಿ ಕಂಪನಿಯ ಸ್ಯಾಲರಿ ಸರ್ಟಿಫಿಕೇಟು ಉಂಟು, ಎಂಬೆಸಿಯ ಸೀಲು ಹಾಕಿಸಿದ್ದೇನೆ. ಉದ್ಯೋಗ: ಟೀ ಬಾಯ್. ಅರುವತ್ತೊಂದು ವರ್ಷದ ಬಾಯ್. ಸೀಲು ಹಾಕುವ ಮೊದಲು ಜಲೀಲನ ಹತ್ತಿರ ಉದ್ಯೋಗದ ಹೆಸರೊಂದು ಸ್ವಲ್ಪ ಚಂದ ಮಾಡು ಅಂತ ಕೇಳಿದ್ದೆ, ಅಭ್ಯಾಸ ನೋಡು. “ಮಾಫಿ, ಆಗುವುದಿಲ್ಲ ಕಾಕಾ. ಇದ್ದದ್ದನ್ನೇ ಬರೆದರೆ ಸಾಕು. ನಿಮ್ಮದೂ ಮಗನದೂ ಸೇರಿಸಿದರೂ ಮಿತಿಯ ಕೆಳಗೇ ಉಂಟು” ಅಂದ. ಗೊತ್ತಾಯಿತಾ? ಒಂದು ಪೈಸೆ ಮುಚ್ಚಿಡುವ ಅಗತ್ಯ ಇಲ್ಲ. ನಿನ್ನ ಮತ್ತು ಕಾಲೇಜಿನ ನಡುವೆ ಅಡ್ಡ ನಿಂತಿರುವುದು ಆ ಕುರ್ಚಿಯ ಫೋಟೋ ಒಂದೇ.

ಆ ಕಾಗದ ವಾಪಸು ಬಂದ ಮೇಲೆ ಈಗ ನಿನ್ನ ಉಪ್ಪ ಹೇಳುವ ಮಾತು: “ಗಲ್ಫಿನವರ ಮನೆಯವರು ಸರ್ಕಾರದ ಎದುರು ಕೈ ಚಾಚುವುದಾ?” ಹೌದು, ಚಾಚು. ಮದರಂಗಿ ಹಾಕಿಸಿಕೊಳ್ಳಲಿಕ್ಕೂ ಕೈ ಚಾಚಲೇಬೇಕು. ಇದು ಝಕಾತ್ ಅಲ್ಲ, ಯಾರದೋ ದೊಡ್ಡಸ್ತಿಕೆಯ ದಾನವೂ ಅಲ್ಲ. ರಾತ್ರಿ ಓದಿ ಮಾರ್ಕು ತೆಗೆದದ್ದು ನೀನು. ಹಾಗೆ ಓದುವವರಿಗೆ ಅಂತಲೇ ಇಟ್ಟದ್ದು ಅದು, ನೀನು ಬಿಟ್ಟರೆ ಯಾವ ಮ್ಯಾನೇಜರೂ ಉದ್ಧಾರವಾಗುವುದಿಲ್ಲ. ಒಂದು ವರ್ಷ ಮನೆಯಲ್ಲಿ ಇರಲಿ, ಆಮೇಲೆ ನೋಡುವ ಅಂತಾನಂತೆ. ಮನೆಯಲ್ಲಿ ಕೂತ ವರ್ಷದ ನಂತರ ಹುಡುಗಿಯರಿಗೆ ನೋಡುವುದು ಕಾಲೇಜನ್ನಲ್ಲ, ಅದು ನನಗೂ ಗೊತ್ತು, ಅವನಿಗೂ ಗೊತ್ತು. ನನ್ನ ತಮಾಷೆಗೆ ಬೆಲೆ ತೆರಬೇಕಾದರೆ ನಾನು ತೆರುತ್ತೇನೆ, ನೀನು ತೆರಬೇಡ. ಯಾರಾದರೂ ನಕ್ಕರೆ ನನ್ನ ಹೆಸರು ಹೇಳು. ನಗಿಸುವುದು ನನಗೆ ಹೊಸತಲ್ಲ.

ಅಜ್ಜಿಗೆ ಈ ಪತ್ರ ಓದಿ ಹೇಳು, ಫೈಲಿನ ಸಾಲನ್ನು ಎರಡು ಸಲ ಓದು. ಉಮ್ಮನಿಗೆ ಸಲಾಂ. ಉಪ್ಪನಿಗೂ ಸಲಾಂ, ಅವನು ತೆಗೆದುಕೊಂಡರೆ. ನಿನ್ನ ಪೆನ್ನಿಗೆ ಬರಕತ್ತಿರಲಿ, ನಿನ್ನ ನಾಲಗೆ ನನ್ನಷ್ಟು ಉದ್ದವಾಗದಿರಲಿ.

ನಿನ್ನ ಅಜ್ಜ,
ಮೂಸಬ್ಬ, ಟೀ ಬಾಯ್

ಅವಸರದಲ್ಲಿ ಇನ್ನೊಂದು: ಜೂಲಿಯೆಟ್ ಬಾಗಿಲಲ್ಲಿ ನಿಂತಿದ್ದಾಳೆ. ಗಡಿಯಾರ ಎರಡೂವರೆ ಗಂಟೆ ಮುಂದಿರುವ ನಮ್ಮೂರಲ್ಲಿ ಜುಮಾ ನಮಾಜು ಬಿಟ್ಟ ಹೊತ್ತಿಗೆ ಮಸೀದಿ ಎದುರಿನ ಅನ್ಸಾಫನ ಹೋಟೆಲಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿಸಿ, ಎಲ್ಲರಿಗೂ ಹೇಳಿಬಿಟ್ಟೆ, ನಾನು ದೋಹಾದಲ್ಲಿ ಚಾ ಮಾಡುವವನು ಅಂತ. ಆಮೇಲೆ ಒಬ್ಬ ಕೇಳಿದ, “ಮೂಸಬ್ಬಾಕಾ, ಸುಲೈಮಾನಿ ಚಾಕ್ಕೆ ನಿಂಬೆ ಒಲೆಯಲ್ಲಿರುವಾಗ ಹಿಂಡುವುದಾ, ಇಳಿಸಿದ ಮೇಲಾ?” ಇಳಿಸಿದ ಮೇಲೆ ಅಂದೆ. ನಿನ್ನ ಉಪ್ಪ ಚಾ ಅರ್ಧಕ್ಕೆ ಬಿಟ್ಟು ಎದ್ದು ಹೋದನಂತೆ. ಎರಡು ದಿನ ಯಾರ ಹತ್ತಿರವೂ ಮಾತಾಡಲಿಕ್ಕಿಲ್ಲ, ನೀನು ಹೆದರಬೇಡ. ಇನ್ನು ಅವನು ಕಾಪಾಡಬೇಕಾದ ಮ್ಯಾನೇಜರ್ ಊರಿನಲ್ಲಿ ಇಲ್ಲ. ಸೋಮವಾರ ನಾಡಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ಆದಾಯದ ಸರ್ಟಿಫಿಕೇಟಿನ ಸಾಲಿನಲ್ಲಿ ನಿಲ್ಲು.