ಕೊನೆಯ ಬೆಂಚಿಗೂ ಕೇಳುವಂತೆ

ಮನೆಯ ಹಜಾರದಿಂದ,
ಸೋಮವಾರ ಸಂಜೆ

ಕಲಾಭಿಮಾನಿಗಳೇ! ಮುಂದಿನ ಚಾಪೆಯವರೇ, ಹಿಂದಿನ ಬೆಂಚಿನವರೇ! ಗಲಾಟೆ ಬೇಡ! ಸಭೆ ಕಿಕ್ಕಿರಿದಿದೆ, ಕುಳಿತಿರುವವಳು ಒಬ್ಬಳೇ, ನನ್ನ ಮಗಳು, ಗಂಟಲ ಡಾಕ್ಟರು, ನನ್ನ ಮುದ್ದಿನ ಪಟಾಕಿ.

ಮಗಳೇ, ನೀನು ಬಾಯಿಗೆ ಬೀಗ ಹಾಕಿಸಿದ್ದರಿಂದ ಕೈಯಲ್ಲಿ ಗರ್ಜಿಸುತ್ತಿದ್ದೇನೆ. ಪಿಸುಗುಟ್ಟಿದರೆ ತಪ್ಪಿಲ್ಲ ಎಂದುಕೊಂಡಿದ್ದೆ. ಆದರೆ ನಾಟಕದವನ ಪಿಸುಮಾತು ಕೊನೆಯ ಬೆಂಚಿಗೂ ಕೇಳಬೇಕಲ್ಲ, ಕೇಳಿತು. ನೀನು ಬೀದಿಬಾಗಿಲಿನಿಂದಲೇ, "ಅಪ್ಪಾ, ಪಿಸುಗುಟ್ಟೋದು ಇನ್ನೂ ಕೆಟ್ಟದ್ದು! ಬಾಯ್ಮುಚ್ಚು!" ಎಂದೆ. ಹೆತ್ತಪ್ಪನಿಗೆ!

ಮೊನ್ನೆ ಆಸ್ಪತ್ರೆಯ ನಿನ್ನ ಕೋಣೆಯಲ್ಲಿ ನೀನು ನನ್ನ ಗಂಟಲಿನ ಚಿತ್ರ ತೋರಿಸಿದೆ. ಅಲ್ಲಿರುವ ಗಂಟು ಕೆಟ್ಟ ಜಾತಿಯದು, ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ದನಿ ಹೋಗುತ್ತದೆ. ಕಿರಣ ಚಿಕಿತ್ಸೆಯಾದರೆ ದನಿ ಉಳಿದೀತು, ರೋಗ ಮರಳೀತು. ನಾಟಕದಲ್ಲಿ ಮಾತು ಮರೆತಾಗ ಪರದೆಯ ಮರೆಯಿಂದ ಎತ್ತಿಕೊಡುತ್ತಾರಲ್ಲ, ಹಾಗೆ ಆ ಚಿತ್ರ ಮುಂದಿನ ಸಾಲು ಎತ್ತಿಕೊಡಲಿ ಎಂದು ಕಾದೆ. ಕೊನೆಗೆ ಚೀಟಿಯಲ್ಲಿ ಬರೆದು ಕೇಳಿದೆ: ನಿನ್ನ ವಿಜ್ಞಾನ ನನಗೆ ಏನು ಮಾಡು ಅನ್ನುತ್ತೆ?

"ಏನು ಮಾಡಿದರೆ ಏನಾಗುತ್ತೆ ಅಂತ ಹೇಳುತ್ತಪ್ಪ. ನಿನಗೆ ಯಾವುದು ಬೇಕು ಅಂತ ಅದಕ್ಕೇನು ಗೊತ್ತು?" ಎಂದೆ ನೀನು.

ಹಾಗಾದರೆ ಮಗಳೇನಂತಾಳೆ ಎಂದು ಬರೆದೆ. ನೀನು ಕಿಟಕಿಯತ್ತ ತಿರುಗಿ, "ಡಾಕ್ಟರು ಆಪರೇಷನ್ ಅಂತಾಳೆ. ಮಗಳಿಗೆ ನಿನ್ನ ಕೂಗು ಕೇಳದ ಮನೆಗೆ ಬರೋಕೆ ಭಯ" ಎಂದೆ. ಒಂದೇ ತಲೆ, ಒಂದೇ ಓದು, ಎರಡು ತೀರ್ಪು!

ಇವತ್ತು ನಿನ್ನಮ್ಮನಿಗೂ ಅದೇ ಪ್ರಶ್ನೆಯ ಚೀಟಿ ಕೊಟ್ಟೆ. ಬಟಾಣಿ ಸುಲಿಯುತ್ತಲೇ ಓದಿದಳು. "ದನಿ ಹೋದ್ರೆ ಹೋಗ್ಲಿ ಬಿಡ್ರೀ, ಮದುವೆಯಾದಾಗಿಂದ ನನ್ನ ಮಾತಿಗೆ ಸರದಿಯೇ ಬಂದಿಲ್ಲ. ಆದ್ರೆ ಬೈಯೋಕೆ ಎದುರಿಗೆ ನೀವಿರಬೇಕು" ಎಂದಳು. ನೋಡಿದರೆ, ಬಟಾಣಿ ನೆಲಕ್ಕೆ, ಸಿಪ್ಪೆ ಪಾತ್ರೆಗೆ ಬೀಳುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ಸಿಪ್ಪೆ ಆರಿಸಿದೆ. ಆ ಕೆಲಸಕ್ಕೆ ದನಿ ಬೇಕಾಗಲಿಲ್ಲ.

ಆಪರೇಷನ್ನಿಗೆ ಒಪ್ಪಿದ್ದೇನೆ, ಮಗಳೇ. ಹೆದರಿಕೆಯಿಲ್ಲ ಎಂದು ಬರೆದಿದ್ದೆ. ಕೆಟ್ಟ ನಟನೆ ಎನಿಸಿ ಹೊಡೆದುಹಾಕಿದೆ.

ಇಂತಿ ನಿನ್ನ
ಗುಡುಗಪ್ಪ

ಮರೆತ ಮಾತು: ನಾಳೆ ಬೆಳಿಗ್ಗೆ ಸಹಿ ಹಾಕಲು ಬರುತ್ತೇನೆ. ಒಳಗೆ ಕಾಲಿಡುವ ಮೊದಲು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, "ಪಟಾಕೀ!" ಎಂದು ಕೊನೆಯ ಬೆಂಚಿಗೂ ಕೇಳುವಂತೆ ಒಂದೇ ಒಂದು ಸಲ ಕೂಗುತ್ತೇನೆ. ಜನ ಬೆದರಿ ಓಡಿದರೆ ಓಡಲಿ. ಡಾಕ್ಟರು ಬೈದುಕೊಳ್ಳಲಿ. ಮಗಳು ಮಾತ್ರ ಕಿಟಕಿಗೆ ಬಂದು ಓಗೊಡಬೇಕು.