ಉಜ್ಜಿದಲ್ಲೇ ಎದ್ದ ಗೆರೆಗಳು

ಅಕ್ಟೋಬರ್ 2
ಮೊಣಕೈಗೆ ಮುಲಾಮು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಉದ್ದ ತೋಳಿನ ಅಂಗಿ. ದಿನದ ಪಾಡು ಮುಗಿಯಿತು. ಸೋರಿಯಾಸಿಸ್‌ಗೂ ನನಗೂ ಹತ್ತೊಂಬತ್ತು ವರ್ಷದ ಸಂಸಾರ. ಗಂಡ ಹದಿನಾರು ವರ್ಷಕ್ಕೇ ಬಿಟ್ಟು ಹೋದ. ಇದು ಹೋಗಲಿಲ್ಲ.

ಚರ್ಚಿಗೆ ಆಲೂಗಡ್ಡೆ ಮೂಟೆ ಬಂದಿದೆಯಂತೆ. ನವೆಂಬರ್ 14ಕ್ಕೆ ಅಲ್ಲಿ ಲೆಫ್ಸೆ ಮಾಡಿ ಊರಿಗೆ ಮಾರುವ ದಿನ. ಮೊದಲ ಮೇಜಿನಲ್ಲಿ ಅಮ್ಮ ಲಟ್ಟಿಸುತ್ತಿದ್ದಳು, ಅವಳ ನಂತರ ಇಪ್ಪತ್ತಾರು ವರ್ಷ ನಾನು. ಆಲೂಗಡ್ಡೆ ರೊಟ್ಟಿ ಅಷ್ಟೇ... ಆದರೆ ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣಬೇಕು. ಮಿನ್ನೆಸೋಟದ ಈ ಊರಲ್ಲಿ ನನಗಿರುವ ಮರ್ಯಾದೆಯೆಲ್ಲ ಆ ಮೇಜಿನದು.

ಅಕ್ಟೋಬರ್ 4, ಭಾನುವಾರ
ಪ್ರಾರ್ಥನೆ ಆದಮೇಲೆ ಕಾಫಿ. ಅಂಗಿ ತೋಳು ಮೇಲೆ ಸರಿದಿತ್ತು, ನೋಡಿಕೊಳ್ಳಲಿಲ್ಲ. ಚರ್ಚಿನ ಅಡುಗೆಮನೆ ಯಜಮಾನಿ ಲವಾನ್ ನೋಡಿದಳು.

"ಅಯ್ಯೋ ಆರ್ಡಿಸ್, ಕೈ ಹಿಂಗಾಗಿದೆಯಲ್ಲೇ. ಅಂಟೋದಲ್ಲ ತಾನೆ?"

"ಅಂಟಲ್ಲ ಕಣೇ. ಹತ್ತೊಂಬತ್ತು ವರ್ಷದಿಂದ ನೀನು ತಿಂತಿರೋ ಲೆಫ್ಸೆ ಇದೇ ಕೈಯದ್ದು."

ಬೇಡದ ಮಾತು. ಅವಳ ಮುಖ ನೋಡಬೇಕಿತ್ತು.

"ನಂಗೇನಿಲ್ಲಪ್ಪ, ಜನ ಏನಂತಾರೋ ಅಂತ. ಲೆಫ್ಸೆ ದಿನದೊಳಗೆ ವಾಸಿ ಆದ್ರೆ ಸರಿ. ಇಲ್ಲಾಂದ್ರೆ ಈ ಸಲ ಕಾಫಿ ನೋಡ್ಕೊ. ನಿಂಗೂ ಸ್ವಲ್ಪ ರೆಸ್ಟ್."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ಮೇಜಿನಿಂದ ತೆಗೆದಳು.

ಅಕ್ಟೋಬರ್ 5
ಕಾವಲಿ ತಿಕ್ಕುವ ಬ್ರಷ್, ಉಪ್ಪು, ಬಿಸಿನೀರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಉಜ್ಜಿದೆ. ಹೊಟ್ಟು ಉದುರಿತು. ರಕ್ತವೂ ಬಂತು, ಉರಿ. ಆದರೆ ಕೆಳಗಿನ ಚರ್ಮ ನುಣುಪು. ಈ ಬುದ್ಧಿ ಇಷ್ಟು ವರ್ಷ ಎಲ್ಲಿತ್ತೋ ಎಂದುಕೊಂಡೆ.

ಅಕ್ಟೋಬರ್ 19
ಗೆರೆ. ಬ್ರಷ್ ಎಳೆದಲ್ಲೆಲ್ಲ ಕೆಂಪು ಗೆರೆ, ಮೇಲೆ ಬಿಳಿ ಹೊಟ್ಟು. ಏನೂ ಇರದಿದ್ದ ಕಡೆಯೂ. ಅಮ್ಮನ ಲಟ್ಟಣಿಗೆಯ ಮೇಲಿನ ಗೀರುಗಳ ಹಾಗೆ, ಸಾಲಾಗಿ.

ಅಕ್ಟೋಬರ್ 22
ಡಾಕ್ಟರ್ ಚಿಕ್ಕ ವಯಸ್ಸಿನವಳು. "ಏನ್ ಮಾಡ್ಕೊಂಡ್ರಿ?" ಹೇಳಿದೆ. ಪೆನ್ನು ಕೆಳಗಿಟ್ಟಳು.

"ಗಾಯ ಆದ ಕಡೆಯೇ ಹೊಸದು ಹುಟ್ಟುತ್ತೆ. ಗೀರು, ಸುಟ್ಟಿದ್ದು, ಹಚ್ಚೆ, ಯಾವುದಾದ್ರೂ ಸರಿ. ಎಲ್ಲರಿಗೂ ಆಗಲ್ಲ, ನಿಮಗಾಗಿದೆ."

"ಹದಿನಾಲ್ಕನೇ ತಾರೀಖಿಗೆ ಹೋಗುತ್ತಾ?"

"ಇಲ್ಲ. ಇನ್ನು ಉಜ್ಜಬೇಡಿ."

ಗಾಯದ ಮೇಲೆ ಬರೆ ಅನ್ನುತ್ತಾರಲ್ಲ, ಅದನ್ನು ನಾನೇ ಎಳೆದುಕೊಂಡೆ. ಮಾಡಿದ್ದುಣ್ಣೋ ಮಹರಾಯ.

ನವೆಂಬರ್ 8
ಶಾಂತಿ ಕೋರಿ ಒಬ್ಬರಿಗೊಬ್ಬರು ಕೈಕುಲುಕುವ ಹೊತ್ತು. ಲವಾನ್ ದೂರದಿಂದಲೇ ಕೈ ಬೀಸಿದಳು. ಆಮೇಲೆ ಬಂದಳು.

"ನಿಮ್ಮಮ್ಮನ ಲಟ್ಟಣಿಗೆ ಈ ಸಲ ನಮಗೆ ಕೊಡ್ತೀಯಾ? ಅಷ್ಟು ತೆಳ್ಳಗೆ ಬೇರೆ ಯಾವುದ್ರಲ್ಲೂ ಬರಲ್ಲ. ತೊಳ್ಕೋತೀವಿ."

ತೊಳ್ಕೋತೀವಿ.

"ನಾನೇ ತರ್ತೀನಿ ಬಿಡು" ಅಂದೆ.

ನವೆಂಬರ್ 14, ಸಂಜೆ ನಾಲ್ಕು
ಲಟ್ಟಣಿಗೆ ಕೊಡಲಿಲ್ಲ. ನೇರ ಮೊದಲ ಮೇಜಿಗೆ ಹೋದೆ. ಗ್ಲೌಸ್ ಹಾಕಿದೆ, ಅಂಗಿ ತೋಳು ಮಡಚಿದೆ. ಗೆರೆಗಳು ಎಲ್ಲರಿಗೂ ಕಾಣಲಿ ಎಂದೇ ನಿಂತು ಲಟ್ಟಿಸಿದೆ. ಯಾರೂ ಏನೂ ಅನ್ನಲಿಲ್ಲ. ಈ ಊರಲ್ಲಿ ಯಾರೂ ಏನೂ ಅನ್ನುವುದಿಲ್ಲ. ಮಧ್ಯಾಹ್ನ ಮುಗಿಸುವಾಗ ನಲವತ್ತು ಲೆಫ್ಸೆ. ಗೆದ್ದೆ ಎಂದುಕೊಂಡೆ. ಖುಷಿಯಾಗಿತ್ತು, ಸುಳ್ಳೇಕೆ.

ಹೊರಡುವಾಗ ಲವಾನ್ ಒಂದು ಡಬ್ಬ ಕೈಗಿಟ್ಟಳು. ಭಾರವಿತ್ತು.

"ನಿನ್ನ ಪಾಲು ತಗೊಂಡ್ ಹೋಗು. ಪಾಪ, ಎಷ್ಟು ಕಷ್ಟಪಟ್ಟಿದ್ದೀಯ."

ಮನೆಗೆ ಬಂದು ಎಣಿಸಿದೆ. ನಲವತ್ತು. ನಾನು ಲಟ್ಟಿಸಿದ್ದು, ಒಂದೂ ಬಿಡದೆ.

ಬೆಣ್ಣೆ ಸವರಿ, ಸಕ್ಕರೆ ಉದುರಿಸಿ ತಿನ್ನುತ್ತಿದ್ದೇನೆ. ಇದು ಐದನೆಯದು. ಬೆಳಕಿಗೆ ಹಿಡಿದೆ. ಕಿಟಕಿ ಕಾಣುತ್ತದೆ, ರಸ್ತೆಯಾಚೆ ಲವಾನ್ ಮನೆಯೂ ಕಾಣುತ್ತದೆ. ಇಷ್ಟು ತೆಳ್ಳಗೆ ಅಮ್ಮ ಕೂಡ ಲಟ್ಟಿಸಿರಲಿಲ್ಲ.