ಎರಡು ದೀಪದಷ್ಟು ಎಣ್ಣೆ

ದೇವಸ್ಥಾನದ ಮನೆ
ಸೋಮವಾರ, ೧೧ ಆಗಸ್ಟ್ ೨೦೨೫

ಪ್ರೀತಿಯ ಅಕ್ಕನಿಗೆ ತಂಗಿ ಸುಂದರಿಯ ನಮಸ್ಕಾರ.

ಫೋನಿದ್ದೂ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೆ ತಲೆ ಕೆಟ್ಟಿತೇ ಎಂದುಕೊಳ್ಳಬೇಡ. ಫೋನಿನಲ್ಲಿ ಹೇಳಿದರೆ ಮಗಳು ಮೈತ್ರೇಯಿ ಕೇಳಿಸಿಕೊಳ್ಳುತ್ತಾಳೆ. ಅವಳು ಕೇಳಬಾರದ ಮಾತೊಂದಿದೆ.

ಮೊದಲು ಒಳ್ಳೆಯ ಸುದ್ದಿ. ನಮ್ಮ ಯಜಮಾನರ ಮೇಲಿದ್ದ ಅಪವಾದ ನಿನ್ನೆ ಕಳೆಯಿತು. ಬೆಳಿಗ್ಗೆ ತುಂಬಿಸಿದ ನಂದಾದೀಪದ ಎಣ್ಣೆ ಮರುದಿನದ ಹೊತ್ತಿಗೆ ಎರಡು ಬೆರಳು ಇಳಿಯುತ್ತಿತ್ತು. ಆಷಾಢದಿಂದ ನಾಲ್ಕು ಬೆರಳು ಇಳಿಯತೊಡಗಿತು. ಅರ್ಚಕ ನಾಗೇಶ್ವರ ಭಟ್ಟರೇ ಎಣ್ಣೆ ಮನೆಗೆ ಸಾಗಿಸುತ್ತಾರೆ ಅಂತ ಮಡಿಕೇರಿಯಲ್ಲಿ ನಿನ್ನ ಕಿವಿಗೂ ಬಿದ್ದಿತ್ತಲ್ಲ? ಸಮಿತಿಯ ಅಧ್ಯಕ್ಷ ದೇರಪ್ಪನವರು ಬೀಗದ ಕೈ ಇಸಿದುಕೊಂಡರು. ಭಾನುವಾರದ ಸಭೆಯಲ್ಲಿ ಪೂಜೆಯನ್ನೇ ಬಿಡಿಸುವ ಮಾತಿತ್ತು. ಪೂಜೆ ಹೋದರೆ ಈ ಮನೆಯೂ ಹೋದಂತೆಯೇ. ಇವರೋ, ಬಾಯಲ್ಲಿ ಕಡುಬು ಇಟ್ಟುಕೊಂಡವರ ಹಾಗೆ ಸುಮ್ಮನಿದ್ದರು. ಆ ಮೌನ ನೋಡಿ ನನಗೂ ಅನುಮಾನ ಬಂತು ಅಕ್ಕ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ಮೂಸಿ ನೋಡಿದೆ.

ಕಾಪಾಡಿದವಳು ಮೈತ್ರೇಯಿ. ಅವಳ ಹತ್ತನೇ ಕ್ಲಾಸಿನಲ್ಲಿ ಈಗ ಸರಳರೇಖೆಯ ಪಾಠ. ದೀಪದ ಪಾತ್ರೆ ಗಾಜಿನದು, ಎಣ್ಣೆಯ ಮಟ್ಟ ಹೊರಗಿನಿಂದಲೇ ಕಾಣುತ್ತದೆ. ಬಾಗಿಲು ತೆರೆದಾಗ, ಶಾಲೆಯಿಂದ ಬಂದಾಗ, ಬಾಗಿಲು ಹಾಕುವಾಗ ಸ್ಕೇಲು ಹಿಡಿದು ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟಳು. ಸಭೆಯಲ್ಲಿ ಅದನ್ನು ಹರಡಿ, ಯಾರಾದ್ರೂ ತೋಡಿಕೊಂಡಿದ್ರೆ ಗೆರೆ ಮೆಟ್ಟಿಲಿನ ಹಾಗೆ ಒಮ್ಮೆಲೇ ಬೀಳಬೇಕಿತ್ತು ಅಂಕಲ್, ಇದು ಹಗಲೂ ರಾತ್ರಿ ಒಂದೇ ಓರೆಯಲ್ಲಿ ಇಳಿದಿದೆ, ಬೀಗದ ಕೈ ನಿಮ್ಮ ಹತ್ರ ಇದ್ದಾಗಲೂ ಅಷ್ಟೇ, ಅಂದಳು. ಸೋರಿದ್ದೂ ಅಲ್ಲ, ಕೆಳಗೆ ಹಾಸಿದ ಪೇಪರ್ ಒಣಗಿಯೇ ಇದೆ. ಇದು ಉರಿದ ಎಣ್ಣೆ. ಇಳಿಜಾರು ಮೊದಲಿನ ಎರಡರಷ್ಟು, ಅಂದರೆ ಎರಡು ದೀಪ ಉರಿದಷ್ಟು ಅಂತ.

ದೇರಪ್ಪನವರು ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡಿಕೊಂಡು, ಹಾಗಾದ್ರೆ ಇನ್ನೊಂದು ದೀಪ ಎಲ್ಲುಂಟು ಮಗಾ ಅಂತ ಕೇಳಿದರು. ಅದು ಗ್ರಾಫಲ್ಲಿ ಕಾಣಲ್ಲ ಅಂಕಲ್ ಅಂದಳು ಇವಳು. ಯಾರೂ ನಗಲಿಲ್ಲ. ಬೀಗದ ಕೈಯನ್ನು ಬೆಂಚಿನ ಮೇಲಿಟ್ಟು ದೇರಪ್ಪನವರು ಕಾಫಿಗೂ ನಿಲ್ಲದೆ ಹೊರಟರು.

ಇವರ ಮಾನ ಉಳಿಯಿತು, ನನಗೆ ಹಾಲು ಕುಡಿದಷ್ಟು ಸಂತೋಷ. ಗೌರಿ ಹಬ್ಬಕ್ಕೆ ಭಾವನನ್ನೂ ಕರೆದುಕೊಂಡು ಬಾ. ಕತ್ತಲಾಗುವ ಮುಂಚೆಯೇ ಬಂದುಬಿಡು.

ನಿನ್ನ ಪ್ರೀತಿಯ
ತ್ರಿಪುರಸುಂದರಿ

ತಾ.ಕ.: ಮರೆತು ಕೊನೆಗೆ ಬರೆಯುತ್ತಿಲ್ಲ ಅಕ್ಕ, ಬರೆಯಲು ಹೆದರಿಕೆಯಾಗಿ ಮುಂದೂಡಿದೆ. ನಿನ್ನೆ ಸಂಜೆ ಮಂಗಳಾರತಿ ಮುಗಿದು ಗುಡಿಯಲ್ಲಿ ಇವರೂ ನಾನೂ ಇಬ್ಬರೇ ಇದ್ದಾಗ ಕರೆಂಟು ಹೋಯಿತು. ನಂದಾದೀಪ ಒಂದೇ ಉರಿಯುತ್ತಿತ್ತು. ಹೂವಿನ ತಟ್ಟೆ ಎತ್ತಿಕೊಳ್ಳಲು ಬಗ್ಗಿದೆ. ಗೋಡೆಯ ಮೇಲೆ ನನಗೆ ಎರಡು ನೆರಳು ಬಿದ್ದಿದ್ದವು, ಎರಡು ಕಡೆಯಿಂದ ಬೆಳಕಿದ್ದರೆ ಬೀಳುವ ಹಾಗೆ. ತಿರುಗಿ ನೋಡಿದೆ, ಉರಿ ಒಂದೇ. ಇವರ ಹಿಂದೆಯೂ ಎರಡು ನೆರಳು. ನನ್ನ ಮುಖ ನೋಡಿ ಇವರು, ನಿಂಗೂ ಕಂಡಿತಾ ಅಂತ ಕೇಳಿದರು. ಆಮೇಲೆ ಮೆಲ್ಲಗೆ, ಎಣ್ಣೆ ಮಾತ್ರ ಕಮ್ಮಿ ಮಾಡಬಾರದು, ಒಂದು ಸಲ ಮಾಡಿ ನೋಡಿದ್ದೆ, ಆರಿದ್ದು ನಮ್ಮ ದೀಪ, ಇನ್ನೊಂದು ಆರಲಿಲ್ಲ, ಗೋಡೆ ಮೇಲೆ ನನ್ನ ಒಂದು ನೆರಳು ಹಾಗೇ ಇತ್ತು ಅಂದರು.